ಸಾವಿನ ತಮಟೆಗೆ ‘ಮದುವೆಯ ಮುಂಜಾವು’ ಎಂದು ಹೆಸರಿಟ್ಟವರಿಗೆ

ಐದು ಖಂಡಗಳ ತಾಳಗಳನ್ನು ನಲವತ್ತೆರಡು ನಿಮಿಷಗಳೊಳಗೆ ಒತ್ತೊತ್ತಾಗಿ ಕೂರಿಸಿರುವ ಮಾನ್ಯ ಆಲ್ಬಮ್ ನಿರ್ಮಾಪಕರೇ,

ಮೇಲೂರಿನ ನಿವೃತ್ತ ಉಪಾಧ್ಯಾಯನೊಬ್ಬನ ನಮಸ್ಕಾರಗಳು. ತಮ್ಮ ಜಾಝ್ ಫ್ಯೂಷನ್ ಆಲ್ಬಮನ್ನು ಆದ್ಯಂತ ಮೂರು ಬಾರಿ ಆಲಿಸಿದೆ. ಕ್ಯೂಬಾದ ಡೋಲೂ ಸೆನೆಗಲ್ಲಿನ ಮದ್ದಳೆಯೂ ಒಂದರ ಮಾತಿಗೆ ಇನ್ನೊಂದು ಬಾಯಿ ಹಾಕದೆ ನಡೆದುಕೊಂಡ ಶಿಸ್ತನ್ನು ನನ್ನ ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಯಾವ ತರಗತಿಯಲ್ಲೂ ಕಂಡವನಲ್ಲ.

ಆದರೆ ತಾವು ‘ಮದುವೆಯ ಮುಂಜಾವು’ ಎಂದು ಹೆಸರಿಸಿರುವ ನಾಲ್ಕನೆಯ ಕೃತಿಯಲ್ಲಿ ಸ್ಯಾಕ್ಸೊಫೋನಿನ ಅಡಿಯಲ್ಲಿ ಕೇಳಿಬರುವ ತಮಟೆಯು, ಹೋದ ವರ್ಷದ ಮಾಘದಲ್ಲಿ ನಮ್ಮೂರಿನ ಅಕ್ಕಯಮ್ಮನವರ ಶವಯಾತ್ರೆಯ ಮುಂದೆ ನನ್ನ ಹಳೆಯ ವಿದ್ಯಾರ್ಥಿ ಮುನಿಶಾಮಪ್ಪ ಬಾರಿಸಿದ್ದು. ತಮ್ಮವರು ಕಾರು ನಿಲ್ಲಿಸಿ, ಚಟ್ಟವೊಂದನ್ನುಳಿದು ಮಿಕ್ಕೆಲ್ಲವನ್ನೂ ಗಮನಿಸಿ ತಮಟೆಯನ್ನು ಧ್ವನಿಮುದ್ರಿಸಿಕೊಂಡರು. ನಮ್ಮಲ್ಲಿ ಸಾವಿನ ಬಡಿತ ಬೇರೆ, ಮದುವೆಯ ಬಡಿತ ಬೇರೆ ಎಂಬುದನ್ನು ಯಾರನ್ನಾದರೂ ಕೇಳಬಹುದಿತ್ತು. ಆದರೆ ವಿಶ್ವಸಂಗೀತಕ್ಕೆ ಅಷ್ಟು ಸಣ್ಣ ಕೆಲಸ ಒಪ್ಪುವುದಿಲ್ಲವೇನೋ.

ತಮ್ಮ ಶೀರ್ಷಿಕೆಯನ್ನು ನಂಬಿದ ಧ್ವನಿವರ್ಧಕದ ಉಮೇರ್ ಸಾಹೇಬರು, ಶಿಡ್ಲಘಟ್ಟದ ಛತ್ರವೊಂದರಲ್ಲಿ ವಧು ಕಲ್ಯಾಣಿ ಹಸೆಗೆ ಬರುವ ಹೊತ್ತಿಗೆ ಅದನ್ನೇ ಹಾಕಿದರು. ತಿಂಡಿಯ ಪಂಕ್ತಿಯಲ್ಲಿದ್ದ ಹಿರಿಯರು ಎಲೆ ಬಿಟ್ಟು ಎದ್ದರು. “ಅಯ್ಯೋ, ಯಾರು ಹೋದ್ರಪ್ಪಾ? ಈಗಿನ್ನೂ ಎಲ್ಲಾ ಚೆನ್ನಾಗಿದ್ರಲ್ಲಾ!” ಎಂದು ವಧುವಿನ ಅಜ್ಜಿ ಅಳತೊಡಗಿದರು. “ಇದು ಮೇಲೂರು ಮುನಿಶಾಮಿ ಕೈ ಕಣಮ್ಮಾ. ಮದ್ವೆಗೂ ಸಾವಿಂದೇ ಬಾರ್ಸವ್ನೆ ನೋಡು!” ಎಂದು ಬೀಗರೊಬ್ಬರು ತೀರ್ಪಿತ್ತರು.

ಆ ಕೈ ಯಾರದೆಂದು ತಾಲ್ಲೂಕಿಗೆಲ್ಲ ಗೊತ್ತು. ತಮ್ಮ ಕವರಿನ ಹಿಂಬದಿಗೆ ಮಾತ್ರ ಅವನು ‘ಅಜ್ಞಾತ ಗ್ರಾಮೀಣ ಕಲಾವಿದ’. ಅಲ್ಲಿಯೇ ಸ್ಟುಡಿಯೊದ ಬೆಕ್ಕಿಗೆ ಹೆಸರು ಹಿಡಿದು ಕೃತಜ್ಞತೆ ಅರ್ಪಿಸಿದ್ದೀರಿ. ತಮ್ಮ ಪ್ರಾಣಿದಯೆ ಶ್ಲಾಘನೀಯ. ಆ ದಿನದಿಂದ ಒಂದು ಮದುವೆಯವರೂ ಮುನಿಶಾಮಪ್ಪನನ್ನು ಕರೆದಿಲ್ಲ. “ನಂದೇನು ತಪ್ಪು ಹೇಳಿ ಮೇಷ್ಟ್ರೇ? ಸತ್ತೋರ ಮುಂದೆ ಸತ್ತೋರ್ದೇ ಬಾರ್ಸಿದೀನಿ” ಎಂದು ನನ್ನ ಜಗುಲಿಯಲ್ಲಿ ಕುಳಿತು ಕೇಳುತ್ತಾನೆ. ಆ ಪ್ರಶ್ನೆಯನ್ನು ತಮ್ಮ ಸನ್ನಿಧಿಗೆ ಕಳುಹಿಸುತ್ತಿದ್ದೇನೆ.

ಆದ್ದರಿಂದ ಶೀರ್ಷಿಕೆಯನ್ನು ತಿದ್ದಿ, ಬಾರಿಸಿದವನ ಹೆಸರನ್ನೂ ಬಾರಿಸಿದ ಸಂದರ್ಭವನ್ನೂ ಅಚ್ಚುಹಾಕಿಸಬೇಕೆಂದು ಪ್ರಾರ್ಥನೆ. ಅದು ತೀರಾ ಕಷ್ಟವೆನಿಸಿದಲ್ಲಿ, ಅಕ್ಕಯಮ್ಮನವರನ್ನು ಎಬ್ಬಿಸಿ, ಅನುರೂಪನಾದ ವರನೊಬ್ಬನನ್ನು ಗೊತ್ತುಮಾಡಿ ಧಾರೆ ಎರೆಸಿಕೊಟ್ಟರೂ ಆದೀತು; ಆಗ ಶೀರ್ಷಿಕೆಯನ್ನು ತಿದ್ದುವ ಅಗತ್ಯವೇ ಬೀಳದು.

ಈ ಪತ್ರದ ಮಟ್ಟಿಗಾದರೂ ತಮ್ಮ ವಿಶ್ವಾಸಿ,
ರಾಮಾಂಜಿನಪ್ಪ
ನಿವೃತ್ತ ಮುಖ್ಯೋಪಾಧ್ಯಾಯ, ಮೇಲೂರು

ಮರೆತ ಮಾತು: ನನ್ನ ಪ್ರತಿಯಲ್ಲಿ ‘ಅಜ್ಞಾತ’ವನ್ನು ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ ‘ಮುನಿಶಾಮಪ್ಪ’ ಎಂದು ಬರೆದೆ; ಅರ್ಧ ನಿಮಿಷ ಹಿಡಿಯಿತು. ಉಳಿದ ಪ್ರತಿಗಳನ್ನು ಲಾರಿಯಲ್ಲಿ ಕಳುಹಿಸಿದರೆ ಅವನ್ನೂ ತಿದ್ದಿಕೊಡುವೆ. ಇಳಿಸಿಕೊಳ್ಳಲು ಆಳಿನ ಚಿಂತೆ ಬೇಡ. ತಮ್ಮ ಕೃಪೆಯಿಂದ ಮುನಿಶಾಮಪ್ಪನಿಗೆ ಈ ಲಗ್ನದ ಕಾಲವೆಲ್ಲ ಬಿಡುವಿದೆ.