ಕುತ್ತಿಗೆಯ ಗಂಟು, ಚೀನಾದ ಶಾವಿಗೆ

ಕಾಯಿಲೆಗಿಂತ ಕಾಯಿಲೆಯ ಸುದ್ದಿಗೆ ಕಾಯುವುದು ಕಷ್ಟ ಎನ್ನುವವರಿದ್ದಾರೆ. ಅವರ ಮಾತು ಅರ್ಧ ಮಾತ್ರ ಸರಿ. ಹಾಗೆ ಕಾಯುತ್ತಿರುವ ಗಂಡಸಿನ ಜೊತೆ ಒಂದೇ ಸೂರಿನಡಿ ಇರುವುದು ಅದಕ್ಕಿಂತ ಕಷ್ಟ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳಿಗೆ ಅನುಭವವಿದೆ. ನನಗೆ ಇಂಜೆಕ್ಷನ್ನಿನ ಸೂಜಿ ಬೇಕಿಲ್ಲ, ಸ್ಪಿರಿಟ್ಟಿನ ವಾಸನೆ ಬಂದರೆ ಸಾಕು, ಕೈಕಾಲು ತಣ್ಣಗಾಗುತ್ತವೆ. ಒಮ್ಮೆ ಮಗಳಿಗೆ ಲಸಿಕೆ ಹಾಕಿಸಲು ಕರೆದೊಯ್ದಾಗ ನರ್ಸಮ್ಮ ಮೊದಲು ನನ್ನನ್ನು ಮಲಗಿಸಿ, ಆಮೇಲೆ ಮಗುವಿಗೆ ಸೂಜಿ ಹಾಕಿದ್ದರು.

ಇಂಥ ನನ್ನ ಕುತ್ತಿಗೆಯ ಎಡಗಡೆ, ಒಂದು ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವಾಗ, ಅವರೆಕಾಳಿನಷ್ಟು ಗಂಟೊಂದು ಕೈಗೆ ಸಿಕ್ಕಿತು. ಸುಮ್ಮನೆ ಡಾಕ್ಟರ ಹತ್ತಿರ ಹೋಗಿದ್ದರೆ ಚೆನ್ನಾಗಿತ್ತು. ನಾನು ಮೊದಲು ಮೊಬೈಲಿನ ಹತ್ತಿರ ಹೋದೆ. ಮೊದಲನೆಯ ರೋಗದ ಬಗ್ಗೆ ಓದುವಾಗ ಅವರೆಕಾಳಾಗಿದ್ದ ಗಂಟು ಮೂರನೆಯ ರೋಗ ಮುಗಿಯುವುದರೊಳಗೆ ನೆಲ್ಲಿಕಾಯಿಯಾಗಿತ್ತು. ಮುನಿರಾಬಾದಿನ ನಮ್ಮ ನೀರಾವರಿ ಆಫೀಸಿನಲ್ಲಿ ಎಲ್ಲರಿಗೂ ಮುಟ್ಟಿಸಿ ತೋರಿಸಿದೆ. ಎಲ್ಲರೂ ಮುಟ್ಟಿ, ಮುಖ ಸಣ್ಣದು ಮಾಡಿಕೊಂಡು, ತಮ್ಮ ತಮ್ಮ ದೂರದ ಸಂಬಂಧಿಕರ ಕಥೆ ಹೇಳಿದರು. ಒಂದು ಕಥೆಯಲ್ಲೂ ಸಂಬಂಧಿಕರು ಬದುಕುಳಿಯಲಿಲ್ಲ.

ಗಂಗಾವತಿಯ ಡಾಕ್ಟರು ಗಂಟನ್ನು ಒತ್ತಿ ನೋಡಿ, "ಏನೂ ಇರಾಕಿಲ್ರಿ. ಯಾವುದಕ್ಕೂ ಒಂದ ಸೂಜಿ ಹಾಕಿ ಟೆಸ್ಟ್ ಮಾಡಿಸೂಣು" ಎಂದರು. ಏನೂ ಇರಲಿಕ್ಕಿಲ್ಲ ಎಂಬುದು ನನ್ನ ಕಿವಿಗೆ ಬೀಳಲೇ ಇಲ್ಲ. 'ಯಾವುದಕ್ಕೂ' ಮಾತ್ರ ಬಿತ್ತು. ಅದೆಂಥ ಶಬ್ದ ನೋಡಿ! ಅದರೊಳಗೆ ಏನು ಬೇಕಾದರೂ ಹಿಡಿಸುತ್ತದೆ. ಸೂಜಿ ಹಾಕಿಸಿಕೊಂಡು, ಅಂದರೆ ಇಬ್ಬರು ನನ್ನನ್ನು ಹಿಡಿದುಕೊಂಡು ಹಾಕಿದ ಮೇಲೆ, ಮನೆಗೆ ಬಂದೆ. ರಿಪೋರ್ಟಿಗೆ ಒಂದು ವಾರ.

ಆ ವಾರ ನಾನು ಬಹಳ ಒಳ್ಳೆಯವನಾದೆ. ಮೆತ್ತಗೆ ಮಾತಾಡಿದೆ. ಸಾರಿಗೆ ಉಪ್ಪು ಕಡಿಮೆಯಾದರೂ ಚೆನ್ನಾಗಿದೆ ಎಂದೆ. ಚಾರ್ಜರ್ ಎಲ್ಲಿದೆ ಎಂದು ಕೇಳಲು ಬಂದ ಮಗಳು ಪಲ್ಲವಿಯ ತಲೆ ಸವರಿ, "ನಿಮ್ಮವ್ವನ್ನ ಛಲೋತಂಗ ನೋಡ್ಕೋವಾ" ಎಂದೆ. ಅವಳು ಚಾರ್ಜರ್ ಬಿಟ್ಟು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮನೆಯ ಗಾಳಿ ಕೆಟ್ಟದ್ದೇ ನನ್ನ ಒಳ್ಳೆಯತನದಿಂದ. ಹೆಂಡತಿ ಶಾಂತಾ ನನ್ನನ್ನು ಬೈಯುವುದನ್ನು ನಿಲ್ಲಿಸಿಬಿಟ್ಟಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆಗದಿದ್ದದ್ದು ಆಗುತ್ತಿದೆಯೆಂದರೆ ಪರಿಸ್ಥಿತಿ ಗಂಭೀರ ಎಂದು ನಾನು ಇನ್ನಷ್ಟು ಹೆದರಿದೆ. ನನಗೆ ತುತ್ತು ಇಳಿಯುತ್ತಿರಲಿಲ್ಲ. ನನ್ನ ತಟ್ಟೆ ಹಾಗೇ ಒಳಗೆ ಹೋದದ್ದನ್ನು ನೋಡಿ ನನ್ನ ಅವ್ವ ತನ್ನ ತಟ್ಟೆಯನ್ನೂ ಸರಿಸುತ್ತಿದ್ದಳು.

ರಿಪೋರ್ಟಿನ ದಿನ ನಾಲ್ವರೂ ಹೊರಟೆವು. ಅವ್ವನನ್ನು ಬೇಡವೆಂದರೆ, "ನಾ ಹಡದೀನಿ, ನಾ ಬರ್ತೀನಿ" ಎಂದಳು. ಗಂಗಾವತಿ ಮುಟ್ಟಿದಾಗ ಡಾಕ್ಟರು ಊಟಕ್ಕೆ ಹೋಗಿದ್ದರು. ಸಂಜೆಗೇ ಬರುವುದೆಂದು ತಿಳಿಯಿತು. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕುಳಿತೆ. ಶಾಂತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ನಿಮ್ಮ ಮಾರಿ ನೋಡ್ಕೋತ ಇಲ್ಲೇ ಕುಂತ್ರ ನಾನ ಅಡ್ಮಿಟ್ ಆಗ್ತೀನಿ. ಏಳ್ರಿ, ಉಂಡು ಬರೂಣು."

ಎದುರಿಗೆ ರಸಗೊಬ್ಬರದ ಅಂಗಡಿಯ ಮಾಳಿಗೆಯಲ್ಲಿ ಕೆಂಪು ಕಾಗದದ ದೀಪಗಳು ತೂಗುತ್ತಿದ್ದವು. 'ಚೈನೀಸ್, ಶುದ್ಧ ಸಸ್ಯಾಹಾರಿ' ಎಂಬ ಬೋರ್ಡು. ಪಲ್ಲವಿ ಮೇಲೆ ನೋಡಿ, "ಅಲ್ಲಿ ಹೋಗೂಣೇನು?" ಎಂದು ಮೆಲ್ಲಗೆ ಕೇಳಿದಳು. ಚಾರ್ಜರ್ ಬಿಟ್ಟರೆ ವಾರದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಸುತ್ತಲೂ ಅಕ್ಕಿ ಗಿರಣಿಗಳಿರುವ ಊರಿನಲ್ಲಿ ಅನ್ನ ಉಣ್ಣಲು ಚೀನಾದ ಸಹಾಯ ಯಾಕೆ ಎಂದು ಬೇರೆ ದಿನವಾಗಿದ್ದರೆ ನಾನೊಂದು ಭಾಷಣ ಮಾಡುತ್ತಿದ್ದೆ. ಅವತ್ತು ಸುಮ್ಮನೆ ಮೆಟ್ಟಿಲು ಹತ್ತಿದೆ.

ಅವ್ವನದು ದೊಡ್ಡ ಪ್ರಶ್ನೆ. ಅವಳು ಹುಟ್ಟಿದಾಗಿನಿಂದ ಹೋಟೆಲಿನಲ್ಲಿ ಉಂಡವಳಲ್ಲ. ಎಲ್ಲಿ ಹೋದರೂ ಚೀಲದಲ್ಲಿ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿಪುಡಿಯ ಡಬ್ಬಿ. "ನೀವು ಉಣ್ರಿ, ನಾ ಬರೇ ಕುಂತಿರ್ತೀನಿ" ಎಂದು ಒಳಗೆ ಬಂದವಳು, ಗೋಡೆಯ ಮೇಲಿನ ಚಿತ್ರ ನೋಡಿದ್ದೇ ಚಪ್ಪಲಿ ಬಿಟ್ಟು ಕೈಮುಗಿದಳು. ಅದು ಚೀನಾದ ಡ್ರ್ಯಾಗನ್. ಬರೆದವನು ಹಾವಿನಿಂದ ಶುರುಮಾಡಿ ಎಮ್ಮೆಯ ಮೂಗಿನಲ್ಲಿ ಮುಗಿಸಿದ್ದ.

"ಅಜ್ಜಿ, ಅದು ನಾಗಪ್ಪ ಅಲ್ಲ, ದೇವರ ಅಲ್ಲ" ಎಂದಳು ಪಲ್ಲವಿ.

"ಇರ್ಲಿ ಬಿಡವಾ. ಇವತ್ತ ಯಾರ ಕೈ ಹಿಡಿದ್ರೂ ನಡೀತೈತಿ."

ಹಣೆತುಂಬ ವಿಭೂತಿ, ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡ ಮಾಲೀಕ ಬಂದ. ಅವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, "ಚೀನಾದಾಗ ನಿಮ್ದು ಯಾವೂರಪಾ?" ಎಂದು ಕೇಳಿದಳು.

"ಕುಷ್ಟಗಿ ರೀ, ಅಮ್ಮಾರ. ಹೈದರಾಬಾದಿನ್ಯಾಗ ಇದನ್ನ ಮಾಡೂದು ಕಲ್ತು ಬಂದೀನಿ."

"ಕುಷ್ಟಗಿಯಾಗ ಯಾವ ಓಣಿ?"

ಅವನು ಹೇಳಿದ. "ಅಯ್ಯ, ನಮ್ಮ ಚಿಗವ್ವನ್ನ ಅದ ಓಣಿಗೆ ಕೊಟ್ಟಿತ್ತಲ್ಲೋ!" ಎಂದಳು ಅವ್ವ. ಅವಳ ತವರು ಯಲಬುರ್ಗಾ. ಆ ಕಡೆಯ ಯಾವ ಓಣಿಯಲ್ಲೂ ಅವಳದೊಬ್ಬಳು ಚಿಕ್ಕಮ್ಮ ಇದ್ದೇ ಇರುತ್ತಾಳೆ. ಆದರೆ ಇವನ ಅಜ್ಜಿಯೂ ಆ ಚಿಗವ್ವನೂ ಗೋಡೆಗೆ ಗೋಡೆ ಹಚ್ಚಿದ ಮನೆಯವರು ಎಂದು ಹೊರಬಿತ್ತು. ನಾವು ಆರ್ಡರ್ ಕೊಡುವುದರೊಳಗೆ ಚೀನಾ ನಮ್ಮ ಬೀಗರ ಮನೆಯಾಗಿತ್ತು.

ನೂಡಲ್ಸ್, ಗೋಬಿ ಮಂಚೂರಿ, ಫ್ರೈಡ್ ರೈಸ್ ಬಂದವು. ಅವ್ವ ನೂಡಲ್ಸಿನ ತಟ್ಟೆಗೆ ಬಗ್ಗಿ, "ಇದು ಶಾವಿಗಿ. ಬಸಿಯೂದು ಗೊತ್ತಾಗಿಲ್ಲ, ಬೆಲ್ಲಾನೂ ಹಾಕಿಲ್ಲ. ಪಾಪ" ಎಂದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಚಮಚ ಹಿಡಿದು, ಕಿಟಕಿಯಿಂದ ಆಸ್ಪತ್ರೆಯ ಬಾಗಿಲನ್ನು ನೋಡುತ್ತಿದ್ದೆ.

"ನೀ ಒಂದ ತುತ್ತು ಉಣ್ಣು. ನಾನೂ ಒಂದ ತುತ್ತು ಉಣ್ತೀನಿ."

"ಅವ್ವಾ, ನೀ ಹೋಟೆಲ್ನಾಗ..."

"ಇದು ಹೋಟೆಲ್ ಅಲ್ಲ, ಚಿಗವ್ವನ ಓಣಿ. ಉಣ್ಣು ಅಂದೆ."

ನಾನು ಒಂದು ತುತ್ತು ಹಾಕಿಕೊಂಡೆ. ಮಾತಿಗೆ ತಪ್ಪದ ಹೆಂಗಸು, ಅವ್ವ ಕೈಯಿಂದಲೇ ಒಂದು ಹಿಡಿ ಎತ್ತಿದಳು. ಒಂದೆಳೆ ಬಾಯೊಳಗೆ ಹೋಯಿತು, ಆದರೆ ಇನ್ನೊಂದು ತುದಿ ತಟ್ಟೆ ಬಿಟ್ಟು ಬರಲೊಲ್ಲದು. ಕೈಯನ್ನು ಹಣೆಯವರೆಗೆ ಎತ್ತಿದಳು, ತಲೆಯ ಮೇಲಕ್ಕೆ ಎತ್ತಿದಳು, ಕೊನೆಗೆ ಕುರ್ಚಿ ಸರಿಸಿ ಎದ್ದೇ ನಿಂತಳು. ಆ ಎಳೆ ಇನ್ನೂ ಬರುತ್ತಲೇ ಇತ್ತು. ಬಾಯಿ ತುಂಬಿದ್ದರೂ, "ಇದರ ತುದಿ ಎಲ್ಲೈತ್ಯೋ ನಮ್ಮಪ್ಪಾ!" ಎಂದು ಕೂಗಿದಳು. ಪಲ್ಲವಿ ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದಳು. ಶಾಂತಾಳೂ ನಕ್ಕಳು. ಪಕ್ಕದ ಮೇಜಿನವರು, ಮಾಲೀಕ, ನಾನು, ಎಲ್ಲರೂ ನಕ್ಕೆವು. ನಾವೆಲ್ಲ ನಿಲ್ಲಿಸಿದ ಮೇಲೂ ಶಾಂತಾಳ ಕಣ್ಣೀರು ನಿಲ್ಲಲಿಲ್ಲ. "ಖಾರ ಭಾಳ ಐತಿ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳು ಇನ್ನೂ ಒಂದು ತುತ್ತೂ ತಿಂದಿರಲಿಲ್ಲ.

ವಾರವಿಡೀ ಹೆದರಿಕೆಯೆಲ್ಲ ನನ್ನೊಬ್ಬನದೇ ಎಂದುಕೊಂಡು ಓಡಾಡಿದ್ದೆನಲ್ಲ! ಅವಳ ತಟ್ಟೆಗೆ ಗೋಬಿ ಬಡಿಸಿದೆ. ಅವಳು ನನ್ನ ತಟ್ಟೆಗೆ ಅನ್ನ ಬಡಿಸಿದಳು. ಅವ್ವ ಡಬ್ಬಿ ತೆಗೆದು ಎಲ್ಲರ ನೂಡಲ್ಸಿನ ಮೇಲೂ ಗುರೆಳ್ಳು ಚಟ್ನಿ ಉದುರಿಸಿದಳು. ಸುಳ್ಳು ಯಾಕೆ ಹೇಳಲಿ, ರುಚಿಯಾಗಿತ್ತು. ವಾರದ ಹಸಿವೆಲ್ಲ ಒಮ್ಮೆಲೇ ಬಂದು ಕುಳಿತಿತು. ಮತ್ತೊಂದು ತಟ್ಟೆ ಮಂಚೂರಿ ತರಿಸಿದೆ. "ಸಾಯಾಂವ ಇಷ್ಟ ಉಣ್ಣೂದಿಲ್ಲ" ಎಂದಳು ಅವ್ವ, ಸಮಾಧಾನದಿಂದ. ಆ ಮನೆಮುರುಕ ಶಬ್ದವನ್ನು ವಾರದಲ್ಲಿ ಮೊದಲ ಸಲ ಒಬ್ಬರು ಬಾಯಿಬಿಟ್ಟು ಆಡಿದ್ದರು. ಯಾರಿಗೂ ಏನೂ ಆಗಲಿಲ್ಲ.

ಸಂಜೆ ಡಾಕ್ಟರು ರಿಪೋರ್ಟು ಓದಿ, "ಲೈಪೋಮಾ ರೀ. ಅಂದ್ರ ಕೊಬ್ಬಿನ ಗಂಟು ಅಷ್ಟ. ಏನೂ ಮಾಡೂದು ಬ್ಯಾಡ" ಎಂದರು.

"ಅದಕ್ಕ ಸೂಜಿ ಯಾಕ ಬೇಕಿತ್ರಿ ಡಾಕ್ಟರ? ನನ್ನ ಕೇಳಿದ್ರ ಹೇಳ್ತಿದ್ದೆ. ಇವಂಗ ಸಣ್ಣಾಂವಿದ್ದಾಗಿಂದ ಕೊಬ್ಬು ಭಾಳ" ಎಂದಳು ಅವ್ವ.

ಡಾಕ್ಟರು ನಕ್ಕರು, ನರ್ಸೂ ನಕ್ಕಳು. ಹೊರಗೆ ಬಂದ ಮೇಲೆ ಶಾಂತಾ ನನ್ನನ್ನು ಬೈಯಲು ಶುರುಮಾಡಿದಳು. ಮೊಬೈಲ್ ನೋಡಿದ್ದಕ್ಕೆ, ಮಗಳನ್ನು ಅಳಿಸಿದ್ದಕ್ಕೆ, ಮುದುಕಿಯನ್ನು ಉಪವಾಸ ಕೆಡವಿದ್ದಕ್ಕೆ ಬೈದಳು. ಬಸ್‌ಸ್ಟ್ಯಾಂಡಿನವರೆಗೆ ಬೈದಳು, ಬಸ್ಸಿನಲ್ಲಿ ಬೈದಳು. ನಾನು ಕಿಟಕಿಗೆ ತಲೆಯಾನಿಸಿ ಕೇಳುತ್ತ ಸುಖವಾಗಿ ನಿದ್ದೆ ಹೋದೆ.

ಮರುದಿನ ಆಫೀಸಿನಲ್ಲಿ ಎಲ್ಲರೂ ನನ್ನ ಮೇಜಿನ ಸುತ್ತ ನೆರೆದರು. ಇಷ್ಟು ಜನರ ಮುಂದೆ, ಇಷ್ಟು ದಿನದ ನಿಟ್ಟುಸಿರಿನ ನಂತರ, 'ಕೊಬ್ಬು' ಎನ್ನಲು ನಾಲಿಗೆ ಏಳಲಿಲ್ಲ.

"ಲೈಪೋಮಾ ಅಂತ್ರಿ" ಎಂದೆ.

ಸೂಪರಿಂಟೆಂಡೆಂಟರ ಮುಖ ಕಪ್ಪಿಟ್ಟಿತು. ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ಧೈರ್ಯ ಬಿಡಬ್ಯಾಡ್ರಿ. ಈಗ ಎಲ್ಲಾದಕ್ಕೂ ಔಷಧ ಅದಾವು" ಎಂದು, ನನ್ನ ಮುಂದಿದ್ದ ಫೈಲುಗಳನ್ನು ತಾವೇ ಎತ್ತಿಕೊಂಡು, ನನಗೊಂದು ಚಹಾ ತರಲು ಹೇಳಿದರು. ಅದರ ಅರ್ಥ ಹೇಳಿಬಿಡಬೇಕೆಂದು ನಾನು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಚಹಾ ಬಂತು. ಜೊತೆಗೆ ಬಿಸಿಬಿಸಿ ಮಿರ್ಚಿ ಭಜಿಯೂ ಇತ್ತು.