ಮಿನಿಸ್ಕ್ಯೂಲ್ ಕೊಸರು

ಐವತ್ತು ದಾಟಿದ ಮೇಲೆ ಮನುಷ್ಯ ಹೊಸ ಅಂಗಿ ಹೊಲಿಸಬಹುದು, ಹೊಸ ಹಲ್ಲು ಕಟ್ಟಿಸಬಹುದು; ಹೊಸ ಇಂಗ್ಲಿಷ್ ಶಬ್ದ ಮಾತ್ರ ಕಲಿಯಬಾರದು. ಕಲಿತರೆ ಬಾಯಿ ಸುಮ್ಮನಿರುವುದಿಲ್ಲ. ಕಾಲೇಜಿಗೆ ಹೋಗುವ ನನ್ನ ಮಗಳು ಒಂದು ಬೆಳಿಗ್ಗೆ ಮೊಬೈಲು ನೋಡುತ್ತ "ಮಿನಿಸ್ಕ್ಯೂಲ್, ಮಿನಿಸ್ಕ್ಯೂಲ್" ಎಂದು ಉರು ಹೊಡೆಯುತ್ತಿದ್ದಳು. ಹಾಗಂದರೇನು ಎಂದೆ. "ಪಪ್ಪಾ, ಅಗದೀ ಲಹಾನ" ಎಂದಳು. ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುವುದು ನಮ್ಮ ಮನೆಯ ಪದ್ಧತಿ. ತೀರಾ ಸಣ್ಣದಕ್ಕೆ ಇಷ್ಟುದ್ದದ ಶಬ್ದವೇ! ನನಗೆ ಬಹಳ ಹಿಡಿಸಿತು. ಅಂದಿನಿಂದ ಹೋಟೆಲಿನ ಚಹಾ ಮಿನಿಸ್ಕ್ಯೂಲ್, ಭಾವಮೈದುನನ ಬುದ್ಧಿ ಮಿನಿಸ್ಕ್ಯೂಲ್. ಸಾರಿನಲ್ಲಿ ಉಪ್ಪು ಮಿನಿಸ್ಕ್ಯೂಲ್ ಎಂದಾಗ ಹೆಂಡತಿ, "ಹಂಗಾರ ನಿಮ್ಮ ಇಂಗ್ಲಿಷ್ ಹಾಕ್ಕೊಂಡು ಉಣ್ರಿ" ಎಂದಳು. ಅಲ್ಲಿಗೇ ನಿಲ್ಲಿಸಬೇಕಿತ್ತು.

ಮಿರಜ ಪೇಟೆಯಲ್ಲಿ ನಮ್ಮದು ಬೆಲ್ಲದ ಅಂಗಡಿ. ಆರಗ ಹಳ್ಳಿಯಿಂದ ಬಸ್ಸು ಹಿಡಿದು ಬರುವ ಗಂಗವ್ವ ನಮ್ಮಪ್ಪನ ಕಾಲದ ಗಿರಾಕಿ; ಚಿಕ್ಕವ್ವನೆಂದುಕೊಂಡು ನಾನು ಮಾವಶಿ ಎನ್ನುತ್ತೇನೆ. ತೂಕ ಮುಗಿದ ಮೇಲೆ ಪ್ರೀತಿಗೆಂದು ಹಾಕುವ ಕೊಸರು ಪಡೆಯದೆ ಆಕೆ ಹೋದವಳಲ್ಲ. "ಚೆನ್ನಪ್ಪಾ, ಮ್ಯಾಲೊಂದು ಚೂರು ಹಾಕೋ" ಎನ್ನುವಳು, ನಾನು ಗೊಣಗುತ್ತ ಹಾಕುವೆನು. ಅದನ್ನು ಬಾಯಿಗಿಟ್ಟುಕೊಂಡು ಕಟ್ಟೆಯ ಮೇಲೆ ಕೂತು, ಬಸ್ಸಿನ ಹೊತ್ತಾಗುವವರೆಗೆ ಊರ ಸುದ್ದಿ ಹೇಳುವಳು. ನನ್ನ ಹೊಟ್ಟೆ ಬೆಳೆದದ್ದಕ್ಕೆ ಬೈಯುವಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಏಕವಚನದಲ್ಲಿ ಬೈಯಲು ಉಳಿದವಳು ಆಕೆಯೊಬ್ಬಳೇ.

ಅವತ್ತು ಅಂಗಡಿ ತುಂಬ ಜನ. ಆಕೆ ಎಂದಿನಂತೆ ಕೈ ಚಾಚಿದಳು. ನನ್ನ ವಿದ್ವತ್ತು ಹೊರಬಿತ್ತು: "ಮಾವಶಿ, ಕೊಸರಂದ್ರ ಮಿನಿಸ್ಕ್ಯೂಲ್. ಅಗದಿ ಸಣ್ಣದು. ಅಷ್ಟಕ್ಕ ಯಾಕ ಕೈ ಒಡ್ಡತೀರಿ?"

ಯಾರೋ ನಕ್ಕರು. ಆಕೆ ಕೈ ಹಿಂದಕ್ಕೆ ತೆಗೆದುಕೊಂಡಳು. "ಸಣ್ಣದಂತ ನನಗೂ ಗೊತ್ತೈತಿ. ತೂಕದ್ದು ಯಾರರ ಕೊಡ್ತಾರ, ಕೊಸರು ನಮ್ಮವರು ಕೊಡ್ತಾರಂತ ಕೇಳ್ತಿದ್ನಿ" ಎಂದು ಚೀಲ ಎತ್ತಿಕೊಂಡು ಹೊರಟಳು. ನನ್ನ ಬಾಯಿಗೆ ಬೆಂಕಿ ಬೀಳಲಿ, ನಾನು ಮುಂದಿನ ಗಿರಾಕಿಗೆ ಬೆಲ್ಲ ತೂಗತೊಡಗಿದೆ.

ಈಗಲೂ ಬರುತ್ತಾಳೆ. ಕೇಳದೆಯೇ ಮುಷ್ಟಿಯಷ್ಟು ಬೆಲ್ಲ ಮೇಲಿಡುತ್ತೇನೆ; ಅದನ್ನು ತೆಗೆದು ತಕ್ಕಡಿಯ ಪಕ್ಕ ಇಡುತ್ತಾಳೆ. "ಕುಂದ್ರಿ ಮಾವಶಿ" ಎಂದರೆ, "ಬಸ್ಸಿನ ಹೊತ್ತಾತ್ರೀ ಸಾವಕಾರ್ರ" ಎನ್ನುತ್ತಾಳೆ. ಪೇಟೆಯಲ್ಲಿ ನಾಲ್ಕು ಜನ ಸಾವಕಾರ್ರ ಎನ್ನಲಿ ಎಂದು ಎಷ್ಟು ವರ್ಷ ಹಂಬಲಿಸಿದ್ದೆ! ಆ ಮರ್ಯಾದೆ ಸಿಕ್ಕಿತು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿರುತ್ತದೆ. ಆಕೆ ಎದುರಿನ ಬಳೆ ಅಂಗಡಿಯ ಕಟ್ಟೆಯ ಮೇಲೆ ಕೂತು, "ಯಾಕೋ, ಇಷ್ಟು ಸೊರಗೀದಿ?" ಎಂದು ಆ ಅಂಗಡಿಯವನನ್ನು ಗದರಿಸುತ್ತಿರುತ್ತಾಳೆ. ಅವನು ನನಗಿಂತ ದಪ್ಪ ಇದ್ದಾನೆ.