ಮೂಲೆ ಹಿಡಿದ ಚಾಂಪಿಯನ್

ಮುದ್ದೇಬಿಹಾಳದ ಭಾಂಡೆ ವ್ಯಾಪಾರಿ ಗುರುಲಿಂಗಪ್ಪನ ಬಲಗೈ ತೋರುಬೆರಳು ಸಾಮಾನ್ಯ ಬೆರಳಲ್ಲ. ಅದು ಕೊಡ ಎತ್ತುವುದಿಲ್ಲ, ಮೊಳೆ ಹೊಡೆಯುವಾಗ ಹತ್ತಿರ ಸುಳಿಯುವುದಿಲ್ಲ, ತೆಂಗಿನಕಾಯಿಯ ಜುಟ್ಟು ಕೀಳುವುದಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ತಾಮ್ರದ ಹಂಡೆಯ ನಾದ ಕೇಳಿಸಬೇಕಾದರೂ ಅವನು ಎಡಗೈಯಿಂದಲೇ ತಟ್ಟುತ್ತಿದ್ದ. ಊಟಕ್ಕೆ ಮಾತ್ರ ವಿನಾಯಿತಿ ಇತ್ತು. (ಊಟದಲ್ಲಿ ಆ ಬೆರಳು ಉಳಿದ ಬೆರಳುಗಳಿಗಿಂತ ಯಾವಾಗಲೂ ಮುಂದು ಎಂದು ಅವನ ಹೆಂಡತಿ ಸುನಂದಾ ಕೈ ಎತ್ತಿ ಸಾಕ್ಷಿ ಹೇಳುತ್ತಾಳೆ.)

ಪಂಚಮಿ ಹಬ್ಬ ಹತ್ತಿರ ಬಂದಿತ್ತು. ಸುನಂದಾ ಶೇಂಗಾದ ಬುಟ್ಟಿಯನ್ನು ತಂದು ಗಂಡನ ಮುಂದೆ ಕುಕ್ಕಿದಳು.

"ಏನ್ರಿ, ಸುಮ್ನ ಕುಂತೀರಲ್ಲ, ಇವಿಷ್ಟು ಸುಲೀರಿ. ತವರಿಗೆ ಉಂಡಿ ಕಟ್ಕೊಂಡು ಹೋಗಬೇಕು."

ಗುರುಲಿಂಗಪ್ಪ ತೋರುಬೆರಳನ್ನು ದೀಪಕ್ಕೆ ಹಿಡಿದು ನೋಡಿದ. "ಶೇಂಗಾ ಸುಲಿದು ಇದಕ್ಕ ಏನರ ಆದರ?"

"ಏನಾಕ್ಕೈತಿ? ಸವದು ಹೊಕ್ಕೈತೇನು?"

"ಚಾಂಪಿಯನ್ ಬೆರಳಿದು ಸುನಂದಾ. ಸಿಂದಗಿಯಾಗ ಕೇಳ ಹೋಗು."

ಸಿಂದಗಿಯಲ್ಲಿ ಯಾರನ್ನು ಕೇಳಬೇಕು, ಏನು ಕೇಳಬೇಕು ಎಂಬುದನ್ನು ಸುನಂದಾ ಮದುವೆಯಾದ ಲಾಗಾಯ್ತಿನಿಂದ ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು. ಆದರೆ ಓದುವವರಿಗೆ ಗೊತ್ತಿಲ್ಲವಲ್ಲ, ಹೇಳಬೇಕು.

ತೊಂಬತ್ತರ ದಶಕದ ಆರಂಭದಲ್ಲಿ ಗುರುಲಿಂಗಪ್ಪ ಸೋದರಮಾವನ ಮನೆಯಲ್ಲಿದ್ದುಕೊಂಡು ಸಿಂದಗಿಯಲ್ಲಿ ಪಿಯುಸಿ ಓದುತ್ತಿದ್ದ. ಓದುತ್ತಿದ್ದ ಎಂಬುದು ಮಾವನ ನಂಬಿಕೆ. ಬಸ್ ನಿಲ್ದಾಣದ ಹಿಂದೆ ಮೋದಿನಸಾಬನೆಂಬವನು ತಗಡಿನ ಶೆಡ್ಡಿನಲ್ಲಿ ಒಂದು ವಿಡಿಯೋ ಗೇಮಿನ ಮಶೀನು ಇಟ್ಟಿದ್ದ. ರೂಪಾಯಿ ಹಾಕಿದರೆ ಅದರ ಗಾಜಿನ ಮೇಲೆ ಕಪ್ಪು ಆಕಾಶ ತೆರೆದುಕೊಂಡು, ಮೇಲಿನಿಂದ ಹುಳುಗಳಂಥ ವೈರಿಗಳು ದಂಡುದಂಡಾಗಿ ಇಳಿಯುತ್ತಿದ್ದವು. ಕೆಳಗಿರುವ ಪುಟ್ಟ ವಿಮಾನದಿಂದ ಗುಂಡು ಹಾರಿಸಿ ಅವನ್ನು ಹೊಡೆಯಬೇಕು. ಅದರ ಇಂಗ್ಲಿಷ್ ಹೆಸರು ಯಾರಿಗೂ ಬೇಕಾಗಿರಲಿಲ್ಲ, ಊರೆಲ್ಲ ಅದನ್ನು ಹುಳದ ಆಟ ಎನ್ನುತ್ತಿತ್ತು. ತೊಗರಿ ಬೆಳೆಯುವ ಸೀಮೆಯಲ್ಲಿ ಹುಳ ಸಾಯಿಸುವುದೆಂದರೆ ಯಾರಿಗೆ ಬೇಡ?

ಈ ಆಟಕ್ಕೆ ಗುರುಲಿಂಗಪ್ಪ ಒಂದು ವಿದ್ಯೆ ಕಂಡುಹಿಡಿದ. ವಿಮಾನವನ್ನು ಎಡಗಡೆಯ ಮೂಲೆಗೆ ಒಯ್ದು ನಿಲ್ಲಿಸಿ, ತೋರುಬೆರಳಿನಿಂದ ಗುಂಡಿ ಒತ್ತುತ್ತ ನಿಂತುಬಿಡುವುದು. ಹುಳುಗಳು ಮೇಲೆ ಹಾಯುವಾಗ ಗುಂಡು ತಾಗಿ ಸಾಯುತ್ತಿದ್ದವೇ ಹೊರತು ಆ ಮೂಲೆಗೆ ಇಳಿಯುತ್ತಲೇ ಇರಲಿಲ್ಲ. ಅವಕ್ಕೆ ತನ್ನ ಹೆದರಿಕೆ ಎಂದು ಅವನು ತಿಳಿದಿದ್ದ. ಹೀಗೆ ಬೆಳಗಿನಿಂದ ಕರೆಂಟು ಹೋಗುವವರೆಗೆ ಒಂದೇ ಆಟ ಆಡಿದ ದಿನ ಅವನ ಅಂಕಿ ಗಾಜಿನಲ್ಲಿ ಹಿಡಿಸಲಿಲ್ಲವಂತೆ. ಕರೆಂಟು ಹೋದರೆ ಮಶೀನಿನೊಳಗಿನ ದಾಖಲೆಯೂ ಹೋಗುತ್ತಿತ್ತಾದ್ದರಿಂದ ಮೋದಿನಸಾಬ ಗೋಡೆಯ ಮೇಲೆ ಎಣ್ಣೆಬಣ್ಣದಲ್ಲಿ 'ಹುಳದ ಆಟದ ಚಾಂಪಿಯನ್: ಗುರುಲಿಂಗಪ್ಪ, ಮುದ್ದೇಬಿಹಾಳ' ಎಂದು ಬರೆಸಿದ್ದ. ಪಿಯುಸಿಗೆ ಎರಡು ಸಲ ಕೂತರೂ ಸಿಗದ ಗೌರವ ಇದರಲ್ಲಿ ಒಂದೇ ಕೂರಿಕೆಗೆ, ಅಲ್ಲ, ಒಂದೇ ನಿಲುವಿಗೆ ಸಿಕ್ಕಿತ್ತು.

ಈ ವೈಭವದ ಮೇಲೆ ಹದಿನೈದು ವರ್ಷದ ಧೂಳು ಕೂತಿರುವಾಗ, ಅಕ್ಕನನ್ನು ಪಂಚಮಿಗೆ ಕರೆದೊಯ್ಯಲು ಇಂಗಳೇಶ್ವರದಿಂದ ಸುನಂದಾಳ ತಮ್ಮ ಅಮಿತ ಬಂದ. ಬಸವನ ಬಾಗೇವಾಡಿಯಲ್ಲಿ ಅವನದೊಂದು ಕಂಪ್ಯೂಟರ್ ಸೆಂಟರು. ಚಹಾ ಕುಡಿಯುತ್ತ ಅವನು ಸುಮ್ಮನಿರಲಾರದೆ ಹೇಳಿದ:

"ಮಾಮಾ, ನಿಮ್ಮ ಹುಳದ ಆಟ ಹೊಸಾ ರೂಪದಾಗ ಬಂದೈತ್ರಿ. ಸೀಡಿ ತಂದೇನಿ. ಹುಳಕ್ಕ ರೆಕ್ಕಿ ಬಂದಾವು, ಬಣ್ಣಾ ಬಂದಾವು, ಹಿಂದ ವಾದ್ಯಾ ಬಾರಿಸ್ತಾವು."

"ಹಳೇ ಹಂಡೆಕ್ಕ ಕಲಾಯಿ ಹಚ್ಯಾರ ಅನ್ನು," ಎಂದ ಗುರುಲಿಂಗಪ್ಪ. ಆದರೆ ಅವನ ಬೆರಳು ಆಗಲೇ ಚಹಾದ ಬಸಿಯ ಅಂಚನ್ನು ಟಕಟಕ ಬಡಿಯತೊಡಗಿತ್ತು.

"ಈಗಿನ ಹುಡುಗ್ರಿಗೇ ಭಾಳ ತ್ರಾಸ ಆಗಾಕತ್ತೈತ್ರಿ ಅದು."

"ಈಗಿನ ಹುಡುಗ್ರು!" ಗುರುಲಿಂಗಪ್ಪ ಎದ್ದು ನಿಂತ. "ಈ ಪಂಚಮಿಗೆ ನಿಮ್ಮ ಮನ್ಯಾಗ ಪಣಾ ಕಟ್ಟೂಣು. ಗಂಡಸರಾಗಲಿ ಹೆಂಗಸರಾಗಲಿ, ನನಗಿಂತಾ ಒಂದ ಹುಳಾ ಹೆಚ್ಚಿಗಿ ಹೊಡದ್ರ, ಹೊತ್ತು ಮುಳುಗೂತನಕಾ ನಿಮ್ಮ ಓಣಿ ಹೆಣ್ಮಕ್ಕಳ ಜೋಕಾಲಿ ತೂಗತೇನಿ. ನಾ ಗೆದ್ರ?"

"ಗೆದ್ರ ಜನ್ಮದಾಗ ನಿಮಗ ಶೇಂಗಾ ಸುಲಿ ಅನ್ನೂದಿಲ್ಲ," ಎಂದಳು ಸುನಂದಾ, ಶೇಂಗಾ ಸುಲಿಯುತ್ತ.

ಪಂಚಮಿಗೆ ಪಣ ಕಟ್ಟುವುದು ಆ ಕಡೆಯ ಪದ್ಧತಿಯೇ. ಒಬ್ಬ ಕಣ್ಣು ಕಟ್ಟಿಕೊಂಡು ಹೊಲಕ್ಕೆ ಹೋಗಿ ಬರುತ್ತೇನೆ ಎನ್ನುತ್ತಾನೆ, ಇನ್ನೊಬ್ಬ ನಿಂಬೆಹಣ್ಣು ಎಸೆಯುತ್ತ ಪಕ್ಕದೂರು ಮುಟ್ಟುತ್ತೇನೆ ಎನ್ನುತ್ತಾನೆ. ಆದರೆ ಅಳಿಯನಾದವನು ಜೋಕಾಲಿ ತೂಗುವ ಪಣ ಕಟ್ಟಿದ್ದು ಇದೇ ಮೊದಲು. ಹೆಣ್ಣುಮಕ್ಕಳ ಜೋಕಾಲಿಯನ್ನು ಅಳಿಯ ತೂಗಿದನೆಂದರೆ ಮುದ್ದೇಬಿಹಾಳದವರೆಗೆ ಸುದ್ದಿ ಬಸ್ಸಿಗಿಂತ ಮೊದಲು ಬರುತ್ತದೆ. ಆ ಅಂಜಿಕೆ ಗುರುಲಿಂಗಪ್ಪನಿಗೆ ಇರಲೇ ಇಲ್ಲ, ಏಕೆಂದರೆ ಸೋಲುವ ಮಾತೇ ಇರಲಿಲ್ಲ. ತನ್ನ ಪರಾಕ್ರಮ ಕಣ್ಣಾರೆ ಕಂಡ ಸಾಕ್ಷಿ ಇರಲಿ ಎಂದು ಅವನು ಸಿಂದಗಿಗೆ ಹೋಗಿ ಮೋದಿನಸಾಬನನ್ನೇ ಹಬ್ಬಕ್ಕೆ ಕರೆದುಕೊಂಡು ಬಂದ. ಮೋದಿನಸಾಬ ಈಗ ಪ್ಲಾಸ್ಟಿಕ್ ಕೊಡ ಮಾರುತ್ತಿದ್ದ. ಪ್ಲಾಸ್ಟಿಕ್ ಕೊಡ ಮಾರುವವರ ಮುಖವನ್ನೂ ನೋಡದ ಭಾಂಡೆ ಗುರುಲಿಂಗಪ್ಪ ಅವನೊಬ್ಬನಿಗೆ ಮಾಫಿ ಕೊಟ್ಟಿದ್ದ.

ಇಂಗಳೇಶ್ವರದ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರ್ ಸ್ಥಾಪನೆಯಾಯಿತು. ಓಣಿಯ ಹೆಂಗಸರು ಅಂಗಳದ ಬೇವಿನ ಮರದ ಜೋಕಾಲಿ ಬಿಟ್ಟು, ಸೆರಗಿನಲ್ಲಿ ಹುರಿದ ಜೋಳದ ಅಳ್ಳು ಕಟ್ಟಿಕೊಂಡು ನೆರೆದರು. ಅತ್ತೆ ಶೇವಂತೆವ್ವ ಅಳಿಯನ ಹಣೆಗೆ ಕುಂಕುಮ ಹಚ್ಚಿ, ಎಳ್ಳುಂಡಿ ಕೊಟ್ಟು, ಕುರ್ಚಿಯ ಮೇಲೆ ದುಪ್ಪಟ್ಟಿ ಹಾಸಿದಳು.

"ಆಡ್ರಿ ಅಳಿಯಂದ್ರ. ಚಂದ ಆಡ್ರಿ."

ಗುರುಲಿಂಗಪ್ಪ ಬೆರಳನ್ನು ಎತ್ತಿ ಸಭೆಗೆ ತೋರಿಸಿದ. ಮೋದಿನಸಾಬ ಗಂಟಲು ಸರಿಮಾಡಿಕೊಂಡು, "ನೋಡ್ರಿ ಇದು! ಸಿಂದಗಿ ಹುಡುಗ್ರು ನಮಸ್ಕಾರ ಮಾಡ್ತಿದ್ದ ಬೆರಳು!" ಎಂದು ಬಿರುದು ಸಾರಿದ. ಆಟ ಶುರುವಾಯಿತು. ವಾದ್ಯ ಮೊಳಗಿತು. ಬಣ್ಣಬಣ್ಣದ ಹುಳುಗಳು ರೆಕ್ಕೆ ಬಡಿಯುತ್ತ ಇಳಿದವು. ಗುರುಲಿಂಗಪ್ಪ ಗಂಭೀರವಾಗಿ ವಿಮಾನವನ್ನು ಎಡಗಡೆಯ ಮೂಲೆಗೆ ಒಯ್ದು ನಿಲ್ಲಿಸಿ, ಹೆಂಡತಿಯ ಕಡೆ ತಿರುಗಿ ಮುಗುಳ್ನಕ್ಕ.

ಅವನು ನಕ್ಕು ಮುಗಿಸುವುದರೊಳಗೆ ಹುಳುಗಳೆಲ್ಲ ಸಂತೆಗೆ ಹೊರಟವರಂತೆ ಎಡಗಡೆಯ ಮೂಲೆಗೇ ಬಂದು ಅವನನ್ನು ಮುಗಿಸಿದವು.

"ಕೈ ಇನ್ನೂ ಪಳಗಿಲ್ಲ," ಎಂದು ಎರಡನೆಯ ವಿಮಾನವನ್ನೂ ಅಲ್ಲಿಗೇ ಒಯ್ದ. ಅದೂ ಹೋಯಿತು. ಮೂರನೆಯದನ್ನು ಸಿಟ್ಟಿನಿಂದ ಅಲ್ಲಿಗೇ ಒಯ್ದ. ಶೇವಂತೆವ್ವ ಬಾಯಿಗೆ ಹಾಕಿಕೊಂಡ ಅಳ್ಳು ಇನ್ನೂ ನುಂಗಿರಲಿಲ್ಲ, ಆಟ ಮುಗಿದಿತ್ತು.

ಅಳಿಯನ ಎದುರು ನಗಬಾರದೆಂದು ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು.

"ಖೊಟ್ಟಿ ಆಟ ಇದು!" ಗುರುಲಿಂಗಪ್ಪ ಕುರ್ಚಿ ತಳ್ಳಿ ಎದ್ದ. "ಅಸಲಿ ಆಟದಾಗ ಹುಳಾ ಮೂಲಿಗೆ ಬರ್ತಿದ್ದಿಲ್ಲ. ಮಾನಾ ಮರ್ಯಾದಿ ಇರಲಾರದ ಹುಳಾ ಇವು! ಮೋದಿನ ಚಾಚಾ, ನೀವ ಹೇಳ್ರಿ. ಆ ಮಶೀನದಾಗ ಎಡಗಡೆ ಮೂಲಿಗೆ ಒಂದರ ಹುಳಾ ಬರ್ತಿತ್ತೇನ್ರಿ?"

"ಒಂದೂ ಬರ್ತಿದ್ದಿಲ್ಲ," ಎಂದ ಮೋದಿನಸಾಬ ದೃಢವಾಗಿ.

"ಕೇಳಿದ್ರಿಲ್ಲೋ!"

"ಹ್ಯಾಂಗ ಬರ್ಬೇಕ್ರಿ?" ಮೋದಿನಸಾಬ ತನ್ನ ಮಶೀನಿನ ನೆನಪಿನಲ್ಲಿ ಹಿಗ್ಗಿ ಮುಂದುವರಿಸಿದ. "ಅದನ್ನ ತರೂ ಮುಂದ ದೇವರ ಹಿಪ್ಪರಗಿ ಸಂತ್ಯಾಗ ಟ್ರ್ಯಾಕ್ಟರದ ಮ್ಯಾಲಿಂದ ಬಿತ್ರಿ. ಬ್ಯಾರೆ ಏನೂ ಆಗಲಿಲ್ಲ, ಎಡಗಡೆ ಮೂಲಿ ಅಷ್ಟ ಕೆಟ್ಟಿತು. ಅವತ್ತಿನಿಂದ ಆ ಮೂಲಿಗೆ ಹುಳಾ ಇಳೀಲೇ ಇಲ್ಲ. ಸಿಂದಗಿ ಹುಡುಗ್ರಿಗೆಲ್ಲ ಗೊತ್ತಿತ್ತು ಬಿಡ್ರಿ. ಆದರ ಅಲ್ಲಿ ನಿಂತ್ರ ಬ್ಯಾಸರ ಬರ್ತಿತ್ತು ನೋಡ್ರಿ, ಯಾರೂ ನಿಂದರ್ತಿದ್ದಿಲ್ಲ. ಮುಂಜಾನಿಯಿಂದ ಸಂಜೀತನಕಾ ಕದಲದ ನಿಂತ ಗಂಡಸು ಅಂದ್ರ ಈ ಗುರುಲಿಂಗಪ್ಪಾರು ಒಬ್ಬರೇ. ನಾನೂ ಭಾಳ ಮಂದೀನ ನೋಡೇನಿ, ಅಂಥಾ ನಿಂದ್ರೂ ಶಕ್ತಿ ನೋಡಿಲ್ಲ!"

ಅವನು ಹೊಗಳಿಯೇ ಹೇಳಿದ್ದು. ಅದೇ ಗುರುಲಿಂಗಪ್ಪನಿಗೆ ತಡೆಯಲಾರದಷ್ಟು ನೋವು ಕೊಟ್ಟಿತು. ಹದಿನೈದು ವರ್ಷ ಜೋಪಾನ ಮಾಡಿದ ಬೆರಳು ಅವನ ಕೈಯಲ್ಲೇ ಅನಾಥವಾಗಿ ನಿಂತಿತ್ತು.

ಶೇವಂತೆವ್ವನಿಗೆ ಅಳಿಯನ ಮುಖ ನೋಡಲಾಗಲಿಲ್ಲ. ಅವಳು ಮಗನನ್ನು ಮೂಲೆಗೆ ಎಳೆದು (ಬಲಗಡೆಯ ಮೂಲೆಗೆ) ಪಿಸುಗುಟ್ಟಿದಳು: "ಹಬ್ಬದ ದಿನಾ ಮನಿ ಅಳಿಯ ಸೋಲಬಾರದಪಾ. ನೀ ಆಡಿ ಸೋತು ಬಿಡು."

ಅಮಿತ ಆಜ್ಞಾಪಾಲಕ. ಕುರ್ಚಿಯಲ್ಲಿ ಕೂತು, ಆಟ ಶುರುಮಾಡಿ, ಎರಡೂ ಕೈ ಕಟ್ಟಿಕೊಂಡ. ಆದರೆ ಹೊಸ ರೂಪದ ಆಟ ಮಾಡಿದ ಪುಣ್ಯಾತ್ಮರು ವಿಮಾನ ತಾನಾಗಿಯೇ ಗುಂಡು ಹಾರಿಸುವ ಏರ್ಪಾಟು ಮಾಡಿದ್ದರು. ಯಾರೂ ಮುಟ್ಟದ ವಿಮಾನ ನಟ್ಟನಡುವೆ ನಿಂತು ಪಟಪಟ ಹುಳ ಉದುರಿಸಿತು. ಅಮಿತ ಗಾಬರಿಯಾಗಿ, "ಮಾಮಾ, ನಾ ಏನೂ ಮಾಡಾಕತ್ತಿಲ್ರಿ!" ಎನ್ನುವಷ್ಟರಲ್ಲಿ ಅಂಕಿ ಮಾಮಾನನ್ನು ದಾಟಿ ಹೋಗಿತ್ತು.

"ಇದು ಹಿಡಿಯಂಗಿಲ್ಲ," ಗುರುಲಿಂಗಪ್ಪ ಪಟ್ಟು ಬಿಡಲಿಲ್ಲ. "ಮಶೀನು ಗೆದ್ದಿದ್ದು ಗೆಲವಲ್ಲ. ಮನಷ್ಯಾರು ಕೈಲೆ ಆಡಿ ಗೆಲ್ಲಬೇಕು."

ಯಾರೂ ಮುಂದೆ ಬರಲಿಲ್ಲ. ಬೀಗರ ಕಡೆಯವನನ್ನು ಸೋಲಿಸುವ ಮನಸ್ಸು ಆ ಮನೆಯಲ್ಲಿ ಯಾರಿಗಿತ್ತು? ಆಗ ಸುನಂದಾ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಎದ್ದಳು.

"ಸುನಂದಾ, ಕುಂದ್ರಬೇ!" ಎಂದಳು ತಾಯಿ.

"ಯವ್ವಾ, ಹೆಣ್ಣು ಕೊಟ್ಟಾಕಿ ನೀನು, ನಿನಗ ಮುಲಾಜ ಐತಿ. ನಾನಾದ್ರ ಕೊಟ್ಟ ಹೆಣ್ಣು, ನನಗ್ಯಾತರ ಮುಲಾಜ?"

ಅವಳು ಕೂತಳು. ಮೊದಲ ವಿಮಾನ ಸುಮ್ಮನೆ ಹೋಯಿತು. ಗುರುಲಿಂಗಪ್ಪನ ಜೀವ ಸ್ವಲ್ಪ ತಂಪಾಯಿತು. ಎರಡನೆಯದರಲ್ಲಿ ಅವಳ ಕೈ ಹತ್ತಿತು. ಸುನಂದಾ ಒಂದು ಕಡೆ ನಿಲ್ಲುವವಳೇ ಅಲ್ಲ. ಒಲೆಯ ಮೇಲೆ ರೊಟ್ಟಿ, ಪಕ್ಕದಲ್ಲಿ ಉಕ್ಕುವ ಹಾಲು, ಕಿಟಕಿಯಲ್ಲಿ ಬೆಕ್ಕು, ಬಾಗಿಲಲ್ಲಿ ನಳದ ನೀರು, ಇಷ್ಟನ್ನೂ ಒಂದೇ ಹೊತ್ತಿಗೆ ನೋಡಿಕೊಂಡು ಬಂದವಳು ಎಡಕ್ಕೆ ಸರಿದಳು, ಬಲಕ್ಕೆ ಹಾರಿದಳು, ಹುಳುಗಳನ್ನು ಬೈಯುತ್ತ ಹೊಡೆದಳು.

"ಬಾ, ನೀನೂ ಬಾ! ಎಲ್ಲಿಗಿ ಹೊಂಟೀ? ಜ್ವಾಳದ ಚೀಲದಾಗಿನ ಹುಳಾ ಬಿಟ್ಟಿಲ್ಲ, ನಿನ್ನ ಬಿಡ್ತೇನೇನು!"

ಅಂಕಿ ಗಂಡನನ್ನು ದಾಟಿತು, ತಮ್ಮನನ್ನು ದಾಟಿತು. ಪಣ ಅಲ್ಲಿಗೇ ಮುಗಿದಿತ್ತು, ಜೋಕಾಲಿಯೂ ಅಲ್ಲಿಗೇ ಖಾಯಂ ಆಗಿತ್ತು. ಆದರೆ ಆಟ ಮುಗಿಯಲಿಲ್ಲ. ಪರದೆ ತುಂಬ ಒಂದು ದೊಡ್ಡ ಹುಳ ಇಳಿಯಿತು, ಅಮಿತನ ಸೆಂಟರಿನಲ್ಲಿ ಇದುವರೆಗೆ ಯಾರೂ ಮುಖ ಕಾಣದಿದ್ದ ಹುಳ. ಯಾರೋ ಕಿರುಚಿದರು. "ಬಲಕ್ಕ ಸರಿ ಸುನಂದಾ! ಬಲಕ್ಕ! ಮ್ಯಾಲ ನೋಡ, ಮ್ಯಾಲ! ಮೂಲಿಗೆ ಹೋಗಬ್ಯಾಡ, ನನ್ನ ಮಾತ ಕೇಳ, ಮೂಲಿಗೆ ಹೋಗಬ್ಯಾಡ!"

ಎಲ್ಲರೂ ತಿರುಗಿ ನೋಡಿದರು. ಕಿರುಚಿದವನು ಗುರುಲಿಂಗಪ್ಪ. ಕುರ್ಚಿಯ ಬೆನ್ನು ಹಿಡಿದು ಕುಣಿಯುತ್ತಿದ್ದ. ದೊಡ್ಡ ಹುಳ ಬಿದ್ದಾಗ, ಸೋತವನು ತಾನೆಂಬುದನ್ನು ಮರೆತು, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಅವನ ಎದೆ ಹೆಮ್ಮೆಯಿಂದ ಉಬ್ಬಿತ್ತು. ತನ್ನ ಹೆಸರು ಗೋಡೆಯ ಮೇಲೆ ಬಂದ ದಿನವೂ ಇಷ್ಟು ಉಬ್ಬಿರಲಿಲ್ಲ ಎಂದು ಅವನಿಗೇ ಅನಿಸಿತು.

ಮೋದಿನಸಾಬ ಹಳೆಯ ಪದ್ಧತಿ ಬಿಡುವವನಲ್ಲ. ಶೇವಂತೆವ್ವನಿಂದ ಕೆಮ್ಮಣ್ಣು ಕಲಸಿಸಿಕೊಂಡು ಅಂಗಳದ ಗೋಡೆಯ ಮೇಲೆ 'ಹುಳದ ಆಟದ ಚಾಂಪಿಯನ್: ಸುನಂದಾ' ಎಂದು ದಪ್ಪಗೆ ಬರೆದ.

"ಕೆಳಗ ನನ್ನ ಹೆಸರೂ ಇರಲಿ, ಚಾಚಾ. ಹಳೇ ಚಾಂಪಿಯನ್ ಅಂತ," ಎಂದ ಗುರುಲಿಂಗಪ್ಪ ಜೋಕಾಲಿಯ ಹಗ್ಗ ಹಿಡಿದುಕೊಂಡು.

"ನಿಮ್ಮದು ಸಿಂದಗಿ ಗ್ವಾಡಿ ಮ್ಯಾಲ ಇತ್ತಲ್ರಿ. ಹ್ವಾದ ವರ್ಷ ಆ ಗ್ವಾಡಿನೂ ಕೆಡವಿದ್ರು."

ಜೋಕಾಲಿ ತೂಗುವುದರಲ್ಲಿ ಮಾತ್ರ ಗುರುಲಿಂಗಪ್ಪ ಯಾರಿಗೂ ಬಿಟ್ಟುಕೊಡಲಿಲ್ಲ. ಒಂದೇ ಜಾಗದಲ್ಲಿ ಕದಲದೆ ನಿಂತು ಹೊತ್ತು ಮುಳುಗುವವರೆಗೆ ತೂಗಿದ. ಓಣಿಯ ಮುದುಕಿಯರೂ ಎರಡೆರಡು ಸರ್ತಿ ಹತ್ತಿದರು. "ಎಂಥಾ ನಿಂದ್ರೂ ಶಕ್ತಿ!" ಎಂದು ಮೋದಿನಸಾಬ ಉಂಡಿ ತಿನ್ನುತ್ತ ಎಲ್ಲರಿಗೂ ತೋರಿಸಿದ.

ಊರಿಗೆ ಮರಳಿದ ಮೇಲೆ ಗುರುಲಿಂಗಪ್ಪ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ, ಕೇಳದಿದ್ದವರನ್ನೂ ಸೇರಿಸಿ, ಹೆಂಡತಿಯ ಪರಾಕ್ರಮ ವರ್ಣಿಸಿದ. ದೊಡ್ಡ ಹುಳ ದಿನದಿನಕ್ಕೂ ಇನ್ನಷ್ಟು ದೊಡ್ಡದಾಯಿತು. ಮುಂದೆ ಚೌತಿ ಬಂತು. ಸುನಂದಾ ಶೇಂಗಾದ ಬುಟ್ಟಿ ತಂದಳು, ಗಂಡನ ಮುಂದೆ ಇಟ್ಟಳು, ತನ್ನ ಬಲಗೈ ತೋರುಬೆರಳನ್ನು ದೀಪಕ್ಕೆ ಹಿಡಿದು ನೋಡಿದಳು.

"ಶೇಂಗಾ ಸುಲಿದು ಇದಕ್ಕ ಏನರ ಆದರ?"

ಗುರುಲಿಂಗಪ್ಪ ಬುಟ್ಟಿ ಎಳೆದುಕೊಂಡ. ಹೊಸ್ತಿಲಲ್ಲಿ ಕೂತು ಸುಲಿಯುತ್ತಿರುವಾಗ ಪಕ್ಕದ ಮನೆಯ ಖಾತುನಬಿ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು ಬೆರಗಾಗಿ ನಿಂತಳು.

"ಯಾಕ್ರಿ ಅಣ್ಣಾರ, ನೀವ ಸುಲಿಯಾಕತ್ತೀರಿ? ನಿಮ್ಮ ಚಾಂಪಿಯನ್ ಬೆರಳಿಗೆ ಏನರ ಆದರ?"

"ಇದು ಹಳೇ ಮಶೀನ್ರಿ ತಂಗಿ," ಎಂದ ಗುರುಲಿಂಗಪ್ಪ ಎದೆ ಸೆಟೆಸಿ. "ನಮ್ಮ ಮನ್ಯಾಗ ಈಗ ಹೊಸಾದು ಬಂದೈತಿ."

ಒಳಗಿನಿಂದ ಸುನಂದಾಳ ದನಿ ಕೇಳಿತು: "ಹಳೇ ಮಶೀನಕ್ಕ ಹೇಳ್ರಿ ಖಾತುನಬಿ, ಎಡಗಡೆ ಮೂಲ್ಯಾಗ ಇನ್ನೊಂದು ಬುಟ್ಟಿ ಐತಿ."